ಮೊದಲೇ ಹಾಕಿಸಿಕೊಂಡ ಆರು ಸಹಿ

ಇದು ಆಗದ ಕೆಲಸ ಎಂದು ಮೊದಲು ಹೇಳಿದವರು ನಮ್ಮ ಗಣಿಯ ಶಿಫ್ಟ್ ಫೋರ್‌ಮನ್. ಕ್ಯಾಂಟೀನಿನಲ್ಲಿ ಹತ್ತು ಜನ ಚಹಾ ಕುಡಿಯುತ್ತಿದ್ದಾಗ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಂಗೀ, ಬಿ.ಎ. ಮಾಡಿದಿ, ಮೆಚ್ಚಿದೆ. ಆದ್ರ ಇಪ್ಪತ್ತು ವರ್ಷ ಟಿಪ್ಪರ್ ಓಡಿಸಿದ ಮನಷ್ಯಾನ್ನ ಕುಂದ್ರಿಸ್ಕೊಂಡು ನೀ ಏನ್ ಹೇಳ್ತಿ? ಆಗಂಗಿಲ್ಲ ಬಿಡು."

"ಹೇಳೂದಲ್ರೀ ಸರ್, ಕೇಳೂದು," ಎಂದೆ.

"ಕೇಳಾಕ ಡಿಪ್ಲೊಮಾ ಬೇಕೇನ? ನನ್ ಹೆಂಡ್ತಿ ದಿನಾ ಕೇಳ್ತಾಳ, ಪುಗಸಟ್ಟೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಲೋಟ ಕೆಳಗಿಟ್ಟಾಗ ನೋಡಿದರೆ ಚಹಾ ತಟ್ಟೆಗೆ ಚೆಲ್ಲಿತ್ತು.

ಸಂಡೂರಿನ ಆಚೆ ಗುಡ್ಡದಲ್ಲಿ ಅದಿರು ಸಾಗಿಸುವ ಒಂದು ಗುತ್ತಿಗೆ ಕಂಪನಿ. ಅದರ ತರಬೇತಿ ವಿಭಾಗದಲ್ಲಿ ನಾನು ಸಹಾಯಕಿ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ದಾಟಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಸಂಪಾದಿಸಿದ್ದು. ಡ್ರೈವರುಗಳ ಜೊತೆ ಕೂತು ಮಾತನಾಡುವವರು ಯಾರಾದರೂ ಇರಲಿ ಎಂದು ಮ್ಯಾನೇಜರ್ ನನ್ನನ್ನು ಕೋಚಿಂಗ್ ಮತ್ತು ಮೆಂಟರಿಂಗ್ ಉನ್ನತ ಡಿಪ್ಲೊಮಾಕ್ಕೆ ಸೇರಿಸಿದರು. ಪಾಠ ಆನ್‌ಲೈನ್‌ನಲ್ಲಿ, ಅಭ್ಯಾಸ ನಮ್ಮ ಗಣಿಯಲ್ಲೇ. ಹೊಸಪೇಟೆಯಲ್ಲಿ ನಾನಿದ್ದ ಕೋಣೆಯ ಪಕ್ಕದ ಮನೆಯವರು, "ಪಿ.ಎಸ್.ಐ. ಪರೀಕ್ಷೆಗೆ ಕೋಚಿಂಗ್ ಕೊಡ್ತೀಯಂತ, ನಮ್ ಹುಡುಗನ್ನೂ ಸೇರಿಸ್ಕೊ" ಎಂದರು. ಅದಲ್ಲ ಎಂದು ವಿವರಿಸಲು ಹೋಗಿ ಸೋತೆ. ನನಗೇ ಅದು ಪೂರ್ತಿ ತಿಳಿದಿರಲಿಲ್ಲ.

ಕ್ರಮ ಹೀಗಿತ್ತು. ನಾಲ್ಕು ಜನರನ್ನು ಆರಿಸಿಕೊಳ್ಳಬೇಕು. ಒಬ್ಬೊಬ್ಬರ ಜೊತೆ ವಾರಕ್ಕೊಮ್ಮೆ, ಒಟ್ಟು ಆರು ಸಲ, ಒಂದೊಂದು ತಾಸು ಕೂಡಬೇಕು. ಬುದ್ಧಿ ಹೇಳುವಂತಿಲ್ಲ. ಪ್ರಶ್ನೆ ಕೇಳಿ, ಅವರ ದಾರಿಯನ್ನು ಅವರೇ ಹುಡುಕಿಕೊಳ್ಳಲು ಬಿಡಬೇಕು. ಅವರು ಹೇಳಿದ್ದು ಅವರ ಸ್ವತ್ತು, ಒಪ್ಪಿಗೆಯಿಲ್ಲದೆ ಆಚೆ ಹೋಗಕೂಡದು. ಪ್ರತಿ ಭೇಟಿಗೂ ದಾಖಲೆಯ ಒಂದು ಹಾಳೆ: ದಿನಾಂಕ, ಶುರುವಾದ ವೇಳೆ, ಮುಗಿದ ವೇಳೆ, ಕೆಳಗೆ ಎದುರು ಕೂತವರ ಸಹಿ. ಎರಡು ಭೇಟಿಗಳ ಧ್ವನಿಮುದ್ರಣ ಕಳಿಸಬೇಕು. ಕೊನೆಗೆ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ.

ಧ್ವನಿಮುದ್ರಣ ಎಂದರೆ ಡ್ರೈವರುಗಳು ಹೆದರಿದರು, ವಿಚಾರಣೆ ಎಂದುಕೊಂಡರು. ಸಹಿಗೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ನಮ್ಮಲ್ಲಿ ಸಹಿಯ ಪದ್ಧತಿಯೇ ಬೇರೆ. ಪ್ರತಿದಿನ ಶಿಫ್ಟಿಗೆ ಮುಂಚೆ ಐದು ನಿಮಿಷ ಸುರಕ್ಷತೆಯ ಮಾತು ಹೇಳಬೇಕು, ಕೇಳಿದವರು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಸೋಮವಾರವೇ ಇಡೀ ವಾರದ ಸಹಿ ಹಾಕಿಸಿಬಿಡುತ್ತೇವೆ. ಡ್ರೈವರು ಗುಡ್ಡದ ಮೇಲೆ, ಆಫೀಸು ಕೆಳಗೆ. ದಿನಾ ಯಾರು ಹತ್ತಿ ಇಳಿಯುತ್ತಾರೆ? ಅದನ್ನು ಸುಳ್ಳು ಎಂದು ಯಾರೂ ಕರೆಯುತ್ತಿರಲಿಲ್ಲ, ಅನುಕೂಲ ಎನ್ನುತ್ತಿದ್ದರು.

ನಾನೂ ಅನುಕೂಲ ಮಾಡಿಕೊಂಡೆ. ನಾಲ್ವರೂ ತಿಂಗಳ ತರಬೇತಿಗೆಂದು ಕೆಳಗೆ ಬಂದ ದಿನ ಒಬ್ಬೊಬ್ಬರಿಗೆ ವಾರದ ಒಂದೊಂದು ದಿನ ಗೊತ್ತುಮಾಡಿ ಮುಂದಿನ ಆರು ವಾರಗಳ ದಿನಾಂಕ ಹಾಕಿ, ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಎಂದು ಬರೆದು, ಒಬ್ಬೊಬ್ಬರ ಮುಂದೆ ಆರಾರು ಹಾಳೆ ಇಟ್ಟೆ.

ಅವರಲ್ಲಿ ಒಬ್ಬರು ಟಿಪ್ಪರ್ ಡ್ರೈವರ್, ಅವರದು ಬುಧವಾರ. ವಯಸ್ಸು ನಲವತ್ತು ದಾಟಿತ್ತು. ಕೋರ್ಸಿನವರು ಹೆಸರು ಹಿಡಿದು ಕರೆಯಿರಿ, ಸಲುಗೆ ಬೆಳೆಯುತ್ತದೆ ಎಂದಿದ್ದರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ಅಣ್ಣಾರ ಎಂದೇ ಕರೆದೆ.

"ಏನೈತ್ರಿ ಮೇಡಂ ಇದ್ರಾಗ?" ಎಂದು ಕೇಳಿದರು.

"ನಾವು ಮಾತಾಡಿದ್ದಕ್ಕ ಸಾಕ್ಷಿ, ಅಣ್ಣಾರ."

"ಇನ್ನಾ ಮಾತಾಡೇ ಇಲ್ಲಲ್ರಿ!" ಎಂದು ನಕ್ಕು ಆರೂ ಹಾಳೆಗೆ ಸಹಿ ಮಾಡಿದರು.

ಮೊದಲ ಭೇಟಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಈ ತಾಸು ನಿಮ್ದು. ಏನ್ ಮಾತಾಡಬೇಕು ಅನಸ್ತೈತಿ?" ಎಂದು ಕೇಳಿದೆ. ಅವರು ಕೈಕಟ್ಟಿ ಕೂತು, "ನೀವು ಹೇಳ್ರಿ, ನಾ ಕೇಳ್ತೀನಿ" ಎಂದರು. ಫ್ಯಾನು ತಿರುಗುತ್ತಿತ್ತು. ಅವರು ಮಾತಾಡಲಿಲ್ಲ. ನಾನು ಹೆದರಿದೆ. ಹೆದರಿದ್ದಕ್ಕೆ ಸೀಟ್ ಬೆಲ್ಟ್ ಬಗ್ಗೆ, ನೀರು ಕುಡಿಯುವ ಬಗ್ಗೆ, ಮಕ್ಕಳ ಓದಿನ ಬಗ್ಗೆ ಭಾಷಣವೇ ಮಾಡಿದೆ. ಮುದ್ರಣ ಕೇಳಿದ ನನ್ನ ಕೋರ್ಸಿನ ಮಾರ್ಗದರ್ಶಕಿ ಫೋನಿನಲ್ಲಿ, "ಅವರ ದನಿ ಹೇಗಿದೆ ಅಂತಲೇ ನನಗೆ ಗೊತ್ತಾಗಲಿಲ್ಲವಲ್ಲ" ಎಂದರು. ಅವರು ಬೈಯುವವರಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ನಾಲಿಗೆ ಕಚ್ಚಿ ಹಿಡಿದು ಕೂತೆ. ಮೂರನೆಯ ಸಲ ಪ್ರಶ್ನೆ ಕೇಳಿ ಸುಮ್ಮನಾದೆ, ಎಷ್ಟು ಹೊತ್ತಾದರೂ ಸುಮ್ಮನೇ ಇದ್ದೆ. ಅವರು ಕಿಟಕಿಯಾಚೆ ನೋಡುತ್ತ ಶುರು ಮಾಡಿದರು.

"ಜೋಡಿ ಡ್ರೈವರ್ ಬಿಟ್ಟು ಹೋಗ್ಯಾನ್ರಿ. ಮುಂಜಾನೆ ಶಿಫ್ಟೂ ನಂದೇ, ಮಧ್ಯಾಹ್ನದ್ದೂ ನಂದೇ ಆಗೈತಿ. ಲೋಡ್ ಒಯ್ಯುವಾಗ ಏನಿಲ್ಲ, ಮೈಯೆಲ್ಲ ಎಚ್ಚರ ಇರ್ತೈತಿ. ಖಾಲಿ ಗಾಡಿ ವಾಪಸ್ ತರುವಾಗ ನೋಡ್ರಿ, ಕಣ್ಣು ತಾನೇ ಮುಚ್ತಾವ."

"ಇವತ್ತು ಹೆಂಗ ಬಂದ್ರಿ ಮತ್ತ?"

"ಗಾಡಿ ಗ್ಯಾರೇಜಿಗೆ ಹೋಗೈತಿ, ಅದಕ್ಕ."

ಆಗ ನನ್ನ ಬಾಯಿಗೆ ಬಂದ ಬುದ್ಧಿಮಾತನ್ನೆಲ್ಲ ನುಂಗಿ, "ನಿಮಗೇನ್ ಮಾಡಬೇಕು ಅನಸ್ತೈತಿ?" ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ಫೋರ್‌ಮನ್ ಮುಂದ ಬಾಯಿ ಬರಂಗಿಲ್ಲ ನನಗ. ಆದ್ರ ಸೋಮವಾರ ಹೇಳ್ತೀನ್ರಿ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇದನ್ನ ಯಾರಿಗೂ ಹೇಳಂಗಿಲ್ಲಲ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಕೆಲಸ ಕಲಿತೆ ಎಂದು ಅಂದು ಮೊದಲ ಬಾರಿಗೆ ಅನಿಸಿತು. ಹಾಗೆ ಹಿಗ್ಗಿದ್ದೇ ತಪ್ಪಾಯಿತು. ಪ್ರಾಣಕ್ಕೆ ಕುತ್ತಿದ್ದರೆ ಗುಟ್ಟು ಕಾಯುವಂತಿಲ್ಲ, ಮಾರ್ಗದರ್ಶಕಿಗಾದರೂ ತಿಳಿಸಬೇಕು ಎಂಬ ನಿಯಮ ಪುಸ್ತಕದಲ್ಲಿತ್ತು. ಓದಿದ್ದೆ. ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ನಾಲ್ಕನೆಯ ಬುಧವಾರ ಅವರು ಬರಲಿಲ್ಲ. ಐದನೆಯದಕ್ಕೂ ಇಲ್ಲ, ಆರನೆಯದಕ್ಕೂ ಇಲ್ಲ. ಎರಡೂ ಶಿಫ್ಟು ಮುಂದುವರಿದಿದ್ದವು. ಬೇರೆ ಮೂವರ ಭೇಟಿಗಳು ಮುಗಿದಿದ್ದವು, ಇವರ ಉಳಿದ ಮೂರನ್ನು ಮುಂದೆ ಯಾವಾಗಲಾದರೂ ಕೂತು ಮುಗಿಸೋಣ ಎಂದುಕೊಂಡೆ. ಸಹಿ ಹೇಗೂ ಇತ್ತಲ್ಲ. ತಿಂಗಳ ವರದಿಯಲ್ಲಿ "ನಾಲ್ಕು ಜನ, ಪ್ರತಿಯೊಬ್ಬರಿಗೆ ಆರು ಭೇಟಿ, ಪೂರ್ಣ" ಎಂದು ಟೈಪು ಮಾಡಿ ಮ್ಯಾನೇಜರಿಗೆ ಕೊಟ್ಟೆ. ಅವರು ಮೆಚ್ಚಿ ತಲೆಯಾಡಿಸಿದರು. ನನಗೆ ಹೆಮ್ಮೆಯೂ ಆಯಿತು.

ಎರಡು ದಿನ ಕಳೆದು, ಶುಕ್ರವಾರ ಸಂಜೆ ಐದರ ಹೊತ್ತಿಗೆ, ಖಾಲಿ ಟಿಪ್ಪರ್ ವಾಪಸ್ ತರುವಾಗ ಅವರ ಗಾಡಿ ಗಣಿ ರಸ್ತೆಯ ಅಂಚಿನ ಮಣ್ಣಿನ ದಿಂಡು ಹತ್ತಿ ಮಗ್ಗುಲಾಗಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಅವರ ಬಲಗಾಲು ಎರಡು ಕಡೆ ಮುರಿಯಿತು. ಕಿಟಕಿಯ ಗಾಜು ಒಡೆದು ಅವರನ್ನು ಹೊರಗೆ ತೆಗೆಯುವಾಗ ನಾನು ಆಫೀಸಿನ ವಾಕಿಟಾಕಿಯಲ್ಲಿ ಕೂಗಾಟ ಕೇಳುತ್ತ ನಿಂತಿದ್ದೆ. ಗಾಡಿ ನಂಬರು ಹೇಳಿದಾಗ ಅದು ಅವರದೇ ಎಂದು ತಿಳಿಯಿತು.

ಮರುದಿನ ಮ್ಯಾನೇಜರ್ ಕರೆದರು. ನಾನು ಬೈಗುಳ ನಿರೀಕ್ಷಿಸಿ ಹೋದೆ. ಅವರು ಕುರ್ಚಿ ತೋರಿಸಿ, "ಕುಂದ್ರಮ್ಮ" ಎಂದರು. ನನಗೆ ಇನ್ನೂ ಹೆದರಿಕೆಯಾಯಿತು.

"ಸೋಮವಾರ ಒಳವಿಚಾರಣೆ ಐತಿ. ನಿನ್ನ ಫೈಲ್ ಬೇಕು. ಆರು ಸಲ ಕುಂದ್ರಿಸಿ ತಿಳಿಸಿ ಹೇಳೀವಿ, ಅಂವನೇ ಸಹಿ ಮಾಡ್ಯಾನ. ನಮ್ ಕಡೆಯಿಂದ ತಪ್ಪಿಲ್ಲ. ಇಷ್ಟಾದ ಮ್ಯಾಲೂ ನಿದ್ದಿ ಹೊಡದ್ರ ಅಂವನ್ನ ಇಟ್ಕೊಂಡು ಏನ್ ಮಾಡೂದು? ತಗದು ಹಾಕೂದೇ."

"ಸರ್, ಅದು ಗುಟ್ಟಿನ ದಾಖಲೆ. ಅವರನ್ನ ಕೇಳಬೇಕ್ರಿ."

"ಮಾತು ನಂಗ ಬ್ಯಾಡ. ಆರು ಸಹಿ ಬೇಕು, ಅಷ್ಟೇ. ಸೋಮವಾರ ಹತ್ತಕ್ಕ ತಗೊಂಬಾ."

ಹೊರಗೆ ಬಂದು ಕದ್ದವಳ ಹಾಗೆ ಟ್ರಿಪ್ ಶೀಟುಗಳ ರಿಜಿಸ್ಟರ್ ತೆಗೆದೆ. ಟಿಪ್ಪರ್ ಎಷ್ಟೊತ್ತಿಗೆ ಲೋಡ್ ಮಾಡಿತು, ಎಷ್ಟೊತ್ತಿಗೆ ಸುರಿಯಿತು ಎಂದು ಅದರಲ್ಲಿ ಇರುತ್ತದೆ. ನನ್ನ ನಾಲ್ಕನೆಯ ಹಾಳೆಯ ಪ್ರಕಾರ ಬುಧವಾರ ಎರಡೂವರೆಗೆ ಅವರು ನನ್ನೆದುರು ಕೂತಿದ್ದರು. ಟ್ರಿಪ್ ಶೀಟಿನಲ್ಲಿ ಅದೇ ಹೊತ್ತಿಗೆ ಅದಿರು ತುಂಬಿಸಿಕೊಂಡು ಇಳಿಯುತ್ತಿದ್ದರು. ಐದನೆಯದೂ ಹಾಗೆ, ಆರನೆಯದೂ ಹಾಗೆ. ಮುಂಜಾನೆಯ ಶಿಫ್ಟಿನಲ್ಲೂ ಅವರದೇ ಹೆಸರಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು. ಆ ಪುಟಗಳ ಜೆರಾಕ್ಸ್ ಮಾಡಿಸಿ ಊಟದ ಚೀಲದಲ್ಲಿಟ್ಟುಕೊಂಡೆ.

ಅಲ್ಲಿಂದ ಹೊಸಪೇಟೆಯ ಆಸ್ಪತ್ರೆಗೆ ಹೋದೆ. ಅವರ ಕಾಲಿಗೆ ತೂಕ ಕಟ್ಟಿ ತೂಗುಹಾಕಿದ್ದರು. ಪಕ್ಕದಲ್ಲಿ ಹೆಂಡತಿ ಮೂಸಂಬಿ ಸುಲಿಯುತ್ತಿದ್ದರು. ಮ್ಯಾನೇಜರ್ ಕೇಳಿದ್ದನ್ನು ಇದ್ದ ಹಾಗೆ ಹೇಳಿದೆ.

"ಆರು ಸಲ ಕುಂತು ಅದೇನ್ ಮಾತಾಡಿದ್ರಿ ಅಕ್ಕಾರ?" ಎಂದು ಆಕೆ ಕೇಳಿದರು. "ಮನ್ಯಾಗ ನನ್ ಜೊತಿ ಒಮ್ಮಿ ಕುಂತಿಲ್ಲ ಈ ಪುಣ್ಯಾತ್ಮ."

"ಮೂರೇ ಸಲ," ಎಂದೆ.

ಅಣ್ಣಾರು ಮಾತ್ರ ಗಾಬರಿಯಾಗಲಿಲ್ಲ. "ಕೊಡ್ರಿ ಮೇಡಂ. ಸಹಿ ನಂದೇ ಅಲ್ಲ? ಯಾರೂ ಕೈ ಹಿಡದು ಮಾಡಿಸಿಲ್ಲ. ನಿಮ್ ಪರೀಕ್ಷಿ ಯಾಕ ಕೆಡಸ್ಕೋತೀರಿ?"

ಬೈದಿದ್ದರೆ ಎದ್ದು ಹೋಗಬಹುದಿತ್ತು. ಹಾಗೆ ಅಂದದ್ದರಿಂದ ಹೋಗಲು ಆಗಲಿಲ್ಲ. "ಫೋರ್‌ಮನ್‌ಗೆ ಹೇಳಿದ್ರೇನು ಅಣ್ಣಾರ?" ಎಂದು ಕೇಳಿದೆ.

"ಹೇಳಿದ್ದೆ. ಇದೊಂದು ವಾರ ನೋಡಪಾ ಅಂದ. ಅಂವಂಗೂ ಮ್ಯಾಲಿಂದ ಒತ್ತಡ ಇರ್ತೈತ್ರಿ."

"ನೀವು ನನ್ ಮುಂದ ಹೇಳಿದ್ದರಾಗ ಯಾವುದನ್ನ ನಾನು ವಿಚಾರಣ್ಯಾಗ ಹೇಳಬಹುದು?"

ಹೆಂಡತಿ ಸುಲಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಅವರು ಸೂರು ನೋಡುತ್ತ, "ಎರಡು ಶಿಫ್ಟಿನ ಮಾತು ಹೇಳ್ರಿ, ಕಣ್ಣು ಮುಚ್ತಿದ್ದುದೂ ಹೇಳ್ರಿ. ಫೋರ್‌ಮನ್ ಹೆಸರು ಬ್ಯಾಡ," ಎಂದರು.

ಭಾನುವಾರ ಅವ್ವನನ್ನು ನೋಡಲು ಕಂಪ್ಲಿಯ ಬಸ್ಸು ಹತ್ತಿದೆ. ಕಮಲಾಪುರ ಬರುವಷ್ಟರಲ್ಲಿ ಈ ಮುಖ ಹೊತ್ತು ಮನೆಗೆ ಹೋಗಲಾರೆ ಎನಿಸಿತು. ಇಳಿದುಬಿಟ್ಟೆ. ಆಟೊದವನು "ಹಂಪಿ, ಹಂಪಿ" ಎಂದು ಬೆನ್ನು ಹತ್ತಿದ. ಅವನಿಂದ ತಪ್ಪಿಸಿಕೊಂಡು ಕೆರೆ ಏರಿಯ ಮೇಲೆ ಕೂತು ಮಾರ್ಗದರ್ಶಕಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಇದನ್ನು ನಾನು ಮುಚ್ಚಿಡೋಕಾಗಲ್ಲ," ಎಂದರು. "ಕೋರ್ಸಿನವರಿಗೆ ತಿಳಿಸಲೇಬೇಕು. ನೀವೇ ಮೊದಲು ಬರೆದರೆ ಅದು ನಿಮ್ಮ ಹೇಳಿಕೆ. ನಾನು ಬರೆದರೆ ದೂರು. ಮೂರನೇ ಭೇಟಿ ಆದ ತಕ್ಷಣ ನನಗೆ ಫೋನ್ ಮಾಡಬೇಕಿತ್ತು, ಅದನ್ನೂ ಬರೀರಿ."

"ಡಿಪ್ಲೊಮಾ ಹೋಗುತ್ತಾ ಮೇಡಂ?"

"ಹೋಗಬಹುದು. ನಿಮಗೆ ಯಾವುದರ ಭಯ ಜಾಸ್ತಿ ಇದೆ?"

"ಇಂಥ ಹೊತ್ತಿನಾಗೂ ಪ್ರಶ್ನೆ ಕೇಳ್ತೀರಾ ಮೇಡಂ!" ಎಂದು ಸಿಟ್ಟಿನಿಂದ ಫೋನ್ ಇಟ್ಟೆ.

ಇಟ್ಟ ಮೇಲೂ ಪ್ರಶ್ನೆ ಉಳಿಯಿತು. ಡಿಪ್ಲೊಮಾ ಹೋಗುವ ಭಯ. ಕೆಲಸ ಹೋಗುವ ಭಯ. ಆಗಂಗಿಲ್ಲ ಎಂದವರು ನೋಡ್ರಿ ಆಗಲಿಲ್ಲ ಎನ್ನುವ ಭಯ. ಮನೆತನದಲ್ಲಿ ಓದಿದವಳು ಒಬ್ಬಳೇ, ಅವಳೂ ಸುಳ್ಳು ಕಾಗದ ಮಾಡಿದಳು ಎನ್ನಿಸಿಕೊಳ್ಳುವ ಭಯ. ಇವೆಲ್ಲ ನನ್ನ ಬಗ್ಗೆಯೇ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಆ ತೂಗುಹಾಕಿದ ಕಾಲು, "ಸಹಿ ನಂದೇ ಅಲ್ಲ?" ಎಂಬ ಮಾತು. ಅವರು ನಕ್ಕು ಹಾಕಿದ ಸಹಿಯಿಂದ ಅವರ ಅನ್ನ ಹೋದರೆ, ಆಮೇಲೆ ನಾನು ಯಾರ ಎದುರು ಕೂತು "ಈ ತಾಸು ನಿಮ್ದು" ಎನ್ನಲಿ? ಅದೊಂದು ಭಯ ಉಳಿದ ಭಯಗಳಿಗಿಂತ ದೊಡ್ಡದಿತ್ತು. ಧೈರ್ಯ ಬಂತು ಎಂದು ಹೇಳಲಾರೆ. ದೊಡ್ಡ ಭಯದ ಕಡೆ ಹೋಗಲಾಗದೆ ಸಣ್ಣ ಭಯಗಳ ಕಡೆ ನಡೆದೆ, ಅಷ್ಟೇ.

ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಬಿಳಿ ಹಾಳೆ ಕೊಂಡು, ಅಲ್ಲೇ ಹೋಟೆಲಿನ ಮೇಜಿನ ಮೇಲೆ ಎರಡು ಪತ್ರ ಬರೆದೆ. ಒಂದು ಕೋರ್ಸಿನವರಿಗೆ, ಒಂದು ವಿಚಾರಣೆಗೆ. ಎರಡರಲ್ಲೂ ಮೊದಲ ಸಾಲು ಒಂದೇ: ನಾಲ್ವರ ಸಹಿಯನ್ನೂ ಭೇಟಿಗೆ ಮುಂಚೆಯೇ ನಾನು ಹಾಕಿಸಿಕೊಂಡಿದ್ದೇನೆ, ಇದು ನನ್ನ ತಪ್ಪು, ಅವರದಲ್ಲ. ಕೋರ್ಸಿನವರಿಗೆ ಬರೆದದ್ದನ್ನು ಫೋಟೊ ತೆಗೆದು ಅಲ್ಲಿಂದಲೇ ಕಳಿಸಿದೆ. ಮನೆ ತಲುಪಿದ ಮೇಲೆ ಕಳಿಸುತ್ತೇನೆ ಎಂದುಕೊಂಡಿದ್ದರೆ ಕಳಿಸುತ್ತಿರಲಿಲ್ಲ.

ಸೋಮವಾರ ಕಂಪನಿ ಬಸ್ಸಿನಲ್ಲಿ ಇಡೀ ದಾರಿ ಚೀಲ ಎದೆಗವಚಿಕೊಂಡು ಕೂತಿದ್ದೆ. ವಿಚಾರಣೆಯ ಕೋಣೆಯಲ್ಲಿ ಮ್ಯಾನೇಜರ್, ಹೆಡ್ ಆಫೀಸಿನಿಂದ ಬಂದ ಒಬ್ಬ ಅಧಿಕಾರಿ, ಮೂಲೆಯಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಫೋರ್‌ಮನ್. ಪತ್ರ ಓದುವಾಗ ಸಾಲು ತಪ್ಪಿತು, ಮೊದಲಿಂದ ಓದಿದೆ. ಎರಡು ಶಿಫ್ಟಿನ ಮಾತು ಹೇಳಿದೆ, ಅವರ ಒಪ್ಪಿಗೆ ಇದೆ ಎಂದೂ ಹೇಳಿದೆ. ಟ್ರಿಪ್ ಶೀಟುಗಳ ಜೆರಾಕ್ಸನ್ನು ನನ್ನ ಹಾಳೆಗಳ ಪಕ್ಕದಲ್ಲಿಟ್ಟೆ.

"ನಿನ್ನ ಸುಳ್ಳನ್ನ ನೀನೇ ತಂದು ತೋರಸ್ತಿಯಲ್ಲ, ತಲಿ ಐತೇನ ನಿನಗ?" ಎಂದು ಮ್ಯಾನೇಜರ್ ಕೂಗಿದರು.

ಅಧಿಕಾರಿ ಕೂಗಲಿಲ್ಲ. ಕನ್ನಡಕ ಹಾಕಿಕೊಂಡು ಟ್ರಿಪ್ ಶೀಟಿನ ಮೇಲೆ ಬೆರಳಾಡಿಸಿದರು. "ಈ ಮನುಷ್ಯ ಎಷ್ಟು ದಿನ ಎರಡೂ ಶಿಫ್ಟ್ ಮಾಡ್ಯಾನ?" ಎಂದು ಕೇಳಿದರು. ಪ್ರಶ್ನೆ ಕೇಳಿ ಸುಮ್ಮನಿರುವುದು ಅವರಿಗೂ ಗೊತ್ತಿತ್ತು. ಕೊನೆಗೆ ಮೂಲೆಯಿಂದ ಫೋರ್‌ಮನ್ ಎದ್ದು ನಿಂತರು.

"ಅಂವಾ ನನಗ ಹೇಳಿದ್ದನ್ರಿ. ನಾನೇ ನಿಲ್ಲಿಸ್ಲಿಲ್ಲ."

ಅವರ ಹೆಸರನ್ನು ನಾನು ಎತ್ತಿರಲಿಲ್ಲ. ಅವರಾಗಿಯೇ ಎತ್ತಿಕೊಂಡರು.

ಟಿಪ್ಪರ್ ಡ್ರೈವರ್ ಅವರನ್ನು ತೆಗೆಯಲಿಲ್ಲ. ಕಾಲು ಕೂಡಿದ ಮೇಲೆ ಪಂಪ್‌ಹೌಸಿಗೆ ಹಾಕಿದರು. ಒಬ್ಬರಿಗೇ ಎರಡು ಶಿಫ್ಟು ಕೊಡಕೂಡದು ಎಂದು ನೋಟಿಸು ಬಂತು. ನನಗೂ ಫೋರ್‌ಮನ್‌ರಿಗೂ ಮೆಮೊ ಸಿಕ್ಕಿತು. ಕೋರ್ಸಿನವರು ಮೂರು ವಾರ ಸುಮ್ಮನಿದ್ದು ನನ್ನ ಜೀವ ಹಿಂಡಿದರು. ಆಮೇಲೆ ಪತ್ರ ಬಂತು: ನಾಲ್ವರ ಎಲ್ಲ ಹಾಳೆಗಳೂ ರದ್ದು. ನಿಜವಾಗಿ ನಡೆದವೂ ರದ್ದು. ಬೇಕಿದ್ದರೆ ಮೊದಲಿನಿಂದ ಮಾಡಬಹುದು, ಮಾರ್ಗದರ್ಶಕಿ ಪ್ರತಿ ಹಾಳೆಯನ್ನೂ ಆಯಾ ದಿನವೇ ನೋಡುತ್ತಾರೆ.

ಮೊದಲಿನಿಂದ ಮಾಡಲು ಜನ ಎಲ್ಲಿ? ನನ್ನ ಮುಂದೆ ಕೂತರೆ ವಿಚಾರಣೆಗೆ ಹೋಗಬೇಕಾಗುತ್ತದೆ ಎಂದು ಸುದ್ದಿ ಹಬ್ಬಿತ್ತು. ಎರಡು ವಾರ ಖಾಲಿ ಕುರ್ಚಿಯ ಎದುರು ಕೂತೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಫೋರ್‌ಮನ್ ಕಾಣಿಸಿಕೊಂಡರು.

"ನನ್ ಹೆಸರು ಬರ್ಕೋ ತಂಗಿ. ಸಹಿ ಮಾತ್ರ ಎದ್ದು ಹೋಗುವಾಗ ಹಾಕ್ತೀನಿ."

ಅವರು ಆರು ಸಲ ಬಂದರು. ಏನು ಮಾತಾಡಿದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅವರು ಬರುವುದನ್ನು ಕಂಡು ಉಳಿದ ಮೂವರೂ ಸಿಕ್ಕರು. ಟಿಪ್ಪರ್ ಡ್ರೈವರ್ ಅವರ ವಿಷಯ ಬರೆದಿದ್ದೇನೆಂದರೆ, ಇದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮುಕ್ಕಾಲು ತಾಸು ಆ ರದ್ದಾದ ಹಾಳೆಗಳ ಬಗ್ಗೆಯೇ ಕೇಳಿದರು. ಆ ದಿನವೂ ಹೆದರಿದ್ದೆ, ಎರಡು ಸಲ ನೀರು ಕೇಳಿದೆ. ಆದರೆ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

ಪ್ರಮಾಣಪತ್ರವನ್ನು ಹೊಸಪೇಟೆಯ ಒಂದು ಲಾಡ್ಜಿನ ಸಭಾಂಗಣದಲ್ಲಿ ಕೊಟ್ಟರು. ಅವ್ವ ಕಂಪ್ಲಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅವಳಿಗೆ ಓದು ಬರದು. ಎಲ್ಲ ಮುಗಿಯುವವರೆಗೆ ನಾನು ಅವಳಿಗೆ ಏನೂ ಹೇಳಿರಲಿಲ್ಲ. ಹಿಂದಿನ ವಾರವಷ್ಟೇ ಇಡೀ ಕಥೆ ಹೇಳಿದ್ದೆ. ಕೇಳಿ ಅವಳು ಎದ್ದು ಒಲೆ ಹಚ್ಚಲು ಹೋಗಿದ್ದಳು. ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದೆ. ವೇದಿಕೆಯಲ್ಲಿ ಮಾರ್ಗದರ್ಶಕಿ ಪ್ರಮಾಣಪತ್ರ ನನ್ನ ಕೈಗಿತ್ತರು. ನಾನು ಇಳಿದು ಬಂದು ಅದನ್ನು ಅವ್ವನ ತೊಡೆಯ ಮೇಲಿಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಅಕ್ಷರಗಳ ಮೇಲೆ ಹೆಬ್ಬೆರಳು ಸರಿಸುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಕಾಲುವಿ ಹೂಳು ತಗಿಯಾಕ ಹೋದಾಗ ಗುತ್ತಿಗೇದಾರ್ರು ನಮ್ಮ ಹೆಬ್ಬೆಟ್ಟೂ ಮೊದ್ಲೇ ಒತ್ತಿಸ್ಕೊಂತಿದ್ರವ್ವಾ. ಹಾಜರಿ ಆಮ್ಯಾಲೆ ಅವ್ರೇ ಬರಕೊಂತಿದ್ರು. ಇದು ಸುಳ್ಳೈತಿ ಅಂತ ಒಬ್ರೂ ಎದ್ದು ನಿಂತು ಹೇಳ್ಲಿಲ್ಲ ನೋಡು."